ಹನ್ನೆರಡೋ, ಇಪ್ಪತ್ನಾಲ್ಕೋ: ಗೊರಕೆ ಯಂತ್ರದ ಕರೆಂಟು ಲೆಕ್ಕ

ರಾಯದುರ್ಗ: ಗೊರಕೆ ಹೊಡೆಯುವವನಿಗೆ ಒಳ್ಳೆ ನಿದ್ದೆ ಎಂಬುದು ನಮ್ಮ ಗಡಿ ಸೀಮೆಯ ಹಳೆಯ ನಂಬಿಕೆ. ಕನ್ನಡದಲ್ಲಿ ಗೊರಕೆ ಅನ್ನಿ, ತೆಲುಗಿನಲ್ಲಿ ಗುರಕ ಅನ್ನಿ, ಪಕ್ಕದಲ್ಲಿ ಮಲಗಿದವರ ಪಾಡು ಎರಡು ಭಾಷೆಯಲ್ಲೂ ಒಂದೇ. ಆದರೆ ಗೊರಕೆಯ ನಡುವೆ ಒಮ್ಮೆಲೇ ಸದ್ದು ನಿಂತು, ಹತ್ತು ಹದಿನೈದು ಸೆಕೆಂಡು ಉಸಿರೇ ಇಲ್ಲದೆ, ಆಮೇಲೆ ಬಾವಿಯಲ್ಲಿ ಮುಳುಗಿದವನು ಮೇಲೆದ್ದ ಹಾಗೆ ಬಾಯಿ ತೆರೆದು ಗಾಳಿ ಎಳೆದುಕೊಳ್ಳುವವರನ್ನು ನೀವು ನೋಡಿರಬಹುದು. ಅದು ಸುಖನಿದ್ದೆ ಅಲ್ಲ. ವೈದ್ಯರು ಅದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಮಲಗಿದಾಗ ಗಂಟಲಿನ ಮಾಂಸ ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಗಂಟೆಗೆ ಐದು ಸಲ ಮೀರಿ ಹೀಗಾದರೆ ಕಾಯಿಲೆಯ ಲೆಕ್ಕ, ಹದಿನೈದು ದಾಟಿದರೆ ಮಧ್ಯಮ, ಮೂವತ್ತು ದಾಟಿದರೆ ಜೋರು. ಬಿಪಿ ಏರುವುದು, ಹಗಲೆಲ್ಲ ತೂಕಡಿಕೆ, ಸ್ಟೇರಿಂಗ್ ಹಿಡಿದವನಿಗೆ ಕಣ್ಣು ಮುಚ್ಚುವುದು, ಎಲ್ಲವೂ ಇದರ ಹಿಂದೆ ಬರುತ್ತವೆ. ನಮ್ಮ ದೇಶದಲ್ಲಿ ದುಡಿಯುವ ವಯಸ್ಸಿನ ಸುಮಾರು 10 ಕೋಟಿ 40 ಲಕ್ಷ ಜನಕ್ಕೆ ಈ ತೊಂದರೆ ಇದೆ ಎಂದು 2023ರಲ್ಲಿ ದೆಹಲಿಯ ಏಮ್ಸ್ ವೈದ್ಯರ ತಂಡ ಅಂದಾಜು ಮಾಡಿತ್ತು. ರಾಯದುರ್ಗದ ಪಾಲು ಎಷ್ಟೋ, ನಮ್ಮ ಓಣಿಯ ಪಾಲು ಮಾತ್ರ ರಾತ್ರಿ ಹೊತ್ತು ಕಿಟಕಿಯಿಂದ ಕೇಳಿಸುತ್ತದೆ.

ಈ ಬರಹ ಕಾಯಿಲೆಯ ಮೇಲಲ್ಲ. ಅದಕ್ಕೆ ಕೊಡುವ ಯಂತ್ರದ ಮೇಲೆ, ಅದರಲ್ಲೂ ಆ ಯಂತ್ರ ಕುಡಿಯುವ ಕರೆಂಟಿನ ಮೇಲೆ. ಬರೆಯುವ ಹಕ್ಕು ನನಗೆ ಇದೆ ಅಂದುಕೊಂಡಿದ್ದೇನೆ. ಯಾಕೆಂದರೆ ರಾತ್ರಿ ಮೂಗಿಗೆ ಮುಸುಕು ಕಟ್ಟಿಕೊಂಡು, ಆನೆಯ ಸೊಂಡಿಲಿನಂಥ ಕೊಳವೆ ಸಿಕ್ಕಿಸಿಕೊಂಡು ಮಲಗುವವರಲ್ಲಿ ನಾನೂ ಒಬ್ಬ. ಮೊದಲ ದಿನ ಮೊಮ್ಮಗಳು ನೋಡಿ ಅತ್ತಳು. ಈಗ ಅವಳೇ ಸ್ವಿಚ್ ಹಾಕಿಕೊಡುತ್ತಾಳೆ.

ನಾಲ್ಕು ಇಂಚು ನೀರಿನ ಕೆಲಸ

ಸಿಪ್ಯಾಪ್ ಎಂದು ಕರೆಯುವ ಈ ಯಂತ್ರದ ಮೂಲ ಆಸ್ಟ್ರೇಲಿಯಾದ ಸಿಡ್ನಿಯಲ್ಲಿದೆ. ಅಲ್ಲಿನ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ವಿಷಯ ಬರೆದರು. ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಊದುತ್ತಿದ್ದರೆ ಗಂಟಲಿನ ದಾರಿ ಮುಚ್ಚಿಕೊಳ್ಳುವುದಿಲ್ಲ ಎಂಬುದೇ ಅದರ ಗುಟ್ಟು. ಸೈಕಲ್ ಟ್ಯೂಬಿನಲ್ಲಿ ಗಾಳಿ ಇದ್ದರೆ ಅದು ಮಡಚಿಕೊಳ್ಳುವುದಿಲ್ಲವಲ್ಲ, ಹಾಗೆ.

ಎಷ್ಟು ಒತ್ತಡ? ಬೋರ್‌ವೆಲ್ ಕೊರೆಸಿದ ರೈತರಿಗೆ ಇದನ್ನು ಹೇಳುವುದು ಸುಲಭ. ನಮ್ಮ ಕಡೆ ಮೋಟರು ಐನೂರು ಆರುನೂರು ಅಡಿಯಿಂದ ನೀರು ಎತ್ತಬೇಕು. ಈ ಯಂತ್ರದ ಒತ್ತಡವನ್ನೂ ನೀರಿನ ಎತ್ತರದಲ್ಲೇ ಅಳೆಯುತ್ತಾರೆ, ಆದರೆ ಸೆಂಟಿಮೀಟರಿನಲ್ಲಿ. ವೈದ್ಯರು '10' ಎಂದು ಬರೆದುಕೊಟ್ಟರೆ ಹತ್ತು ಸೆಂಟಿಮೀಟರು, ಅಂದರೆ ನಾಲ್ಕು ಇಂಚು ನೀರು ಎತ್ತುವಷ್ಟು ಒತ್ತಡ. ಮುಸುಕಿನ ತೂತುಗಳಿಂದ ಹೊರಗೆ ಹೋಗುವ ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ಗಾಳಿಗೆ ನಿಜವಾಗಿ ಬೇಕಾದ ಶಕ್ತಿ ಒಂದು ವ್ಯಾಟಿಗೂ ಕಡಿಮೆ. ಫ್ಯಾನು, ಅದನ್ನು ಆಳುವ ಸರ್ಕ್ಯೂಟು, ಪರದೆ ಎಲ್ಲ ಸೇರಿ ಯಂತ್ರ ಹತ್ತು ವ್ಯಾಟಿನ ಆಸುಪಾಸು ಎಳೆಯುತ್ತದೆ. ಒಂದು ಎಲ್‌ಇಡಿ ಬಲ್ಬು ಉರಿದ ಹಾಗೆ.

ಹಾಗಾದರೆ ಅಡಾಪ್ಟರಿನ ಮೇಲೆ 65, 80, 90 ವ್ಯಾಟ್ ಎಂದು ಯಾಕೆ ಬರೆದಿರುತ್ತದೆ? ಉಸಿರಿಗಲ್ಲ, ಬಿಸಿನೀರಿಗೆ. ಯಂತ್ರದ ಮಗ್ಗುಲಲ್ಲಿ ಒಂದು ಸಣ್ಣ ನೀರಿನ ಡಬ್ಬಿ ಇರುತ್ತದೆ. ಅದರ ಕೆಳಗೆ ಬಿಸಿಯಾಗುವ ತಟ್ಟೆ. ಕೆಲವಕ್ಕೆ ಕೊಳವೆಯೊಳಗೂ ಬಿಸಿ ತಂತಿ ಸುತ್ತಿರುತ್ತದೆ. ಇದಕ್ಕೆ ಹ್ಯೂಮಿಡಿಫೈಯರ್ ಅಂತ ಹೆಸರು. ಅನಂತಪುರದಂಥ ಒಣ ಸೀಮೆಯಲ್ಲಿ ರಾತ್ರಿಯಿಡೀ ಒಣಗಾಳಿ ಊದಿದರೆ ಬೆಳಗ್ಗೆ ಮೂಗು, ಗಂಟಲು ಮಾರ್ಚ್ ತಿಂಗಳ ಕೆರೆ ತಳದ ಹಾಗೆ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ತೇವದ ಗಾಳಿ ಬೇಕು. ಆದರೆ ಬಿಸಿ ಮಾಡುವುದಕ್ಕೆ ಮೂವತ್ತರಿಂದ ಐವತ್ತು ವ್ಯಾಟ್ ಹೋಗುತ್ತದೆ, ಛಳಿಗಾಲದಲ್ಲಿ ಇನ್ನೂ ಹೆಚ್ಚು. ಒಟ್ಟಿನಲ್ಲಿ ಉಸಿರಾಡಲು ಒಂದು ರೂಪಾಯಿ, ನೀರು ಕಾಸಲು ನಾಲ್ಕು ರೂಪಾಯಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ, ನೆನಪಿಟ್ಟುಕೊಳ್ಳಿ.

(ನಡುವೆ ಒಂದು ಮಾತು. ಡಬ್ಬಿಗೆ ಡಿಸ್ಟಿಲ್ಡ್ ನೀರು ಹಾಕಬೇಕು. ನಮ್ಮ ಬೋರಿನ ನೀರು ಹಾಕಿದರೆ ತಿಂಗಳಲ್ಲಿ ತಟ್ಟೆ ಮೇಲೆ ಸುಣ್ಣ ಕಟ್ಟುತ್ತದೆ. ಹಾಗಂತ ಬ್ಯಾಟರಿ ಅಂಗಡಿಯ ಕ್ಯಾನು ತಂದು ಸುರಿಯಬೇಡಿ. ಅದು ಬ್ಯಾಟರಿಗೆ ಮಾಡಿದ್ದು, ಮೂಗಿಗಲ್ಲ.)

ಎರಡು ಜಾತಿಯ ಯಂತ್ರ

ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್ ಎ.ಸಿ. ಯಂತ್ರ ಕುಡಿಯುವುದು ಡಿ.ಸಿ. ನಡುವೆ ಇರುವ ಕಪ್ಪು ಇಟ್ಟಿಗೆಯಂಥ ಅಡಾಪ್ಟರು ಅದನ್ನು ಇಳಿಸಿ ಕೊಡುತ್ತದೆ. ಎಷ್ಟಕ್ಕೆ ಇಳಿಸುತ್ತದೆ ಎಂಬಲ್ಲಿ ಕಂಪನಿಗಳು ಎರಡು ದಾರಿ ಹಿಡಿದಿವೆ. ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಯಂತ್ರಕ್ಕೆ 24 ವೋಲ್ಟ್, 3.75 ಆಂಪಿಯರ್, 90 ವ್ಯಾಟಿನ ಅಡಾಪ್ಟರು. ಫಿಲಿಪ್ಸ್‌ನ ಡ್ರೀಮ್‌ಸ್ಟೇಷನ್‌ಗೆ 12 ವೋಲ್ಟ್, 6.67 ಆಂಪಿಯರ್, 80 ವ್ಯಾಟಿನದು.

ಯಾವುದು ಮೇಲು? ಅಂಗಡಿಯವನು ತನ್ನಲ್ಲಿ ಇರುವುದೇ ಮೇಲು ಎನ್ನುತ್ತಾನೆ, ಅದು ಅಂಗಡಿಯ ಧರ್ಮ. ನಿಜ ಹೇಳಬೇಕೆಂದರೆ ಎರಡಕ್ಕೂ ಕಾರಣ ಇದೆ. ಶಕ್ತಿ ಎಂದರೆ ವೋಲ್ಟು ಮತ್ತು ಆಂಪಿಯರಿನ ಗುಣಾಕಾರ. ವೋಲ್ಟು ಎರಡರಷ್ಟಾದರೆ ಅಷ್ಟೇ ಕೆಲಸಕ್ಕೆ ಆಂಪಿಯರು ಅರ್ಧ ಸಾಕು. ವೈರು ಬಿಸಿಯಾಗಿ ವ್ಯರ್ಥವಾಗುವುದು ಆಂಪಿಯರಿನ ವರ್ಗದ ಲೆಕ್ಕದಲ್ಲಿ, ಅಂದರೆ ಆಂಪಿಯರು ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನೀರು ಕಾಸುವ ಭಾರ ಇರುವ ಯಂತ್ರಕ್ಕೆ 24 ವೋಲ್ಟ್ ಇಟ್ಟರೆ ಸಣ್ಣ ವೈರು, ಸಣ್ಣ ಪಿನ್ನು ಸಾಕಾಗುತ್ತದೆ. ಎಂಜಿನಿಯರು ಅದನ್ನು ಮೆಚ್ಚುತ್ತಾನೆ.

ರೈತ ಮೆಚ್ಚುವುದು 12. ಟ್ರ್ಯಾಕ್ಟರಿನ ಬ್ಯಾಟರಿ 12, ಕಾರಿನದು 12, ಇನ್ವರ್ಟರಿನ ದೊಡ್ಡ ಬ್ಯಾಟರಿ 12, ಹೊಲದ ಮನೆಯ ಸಣ್ಣ ಸೋಲಾರ್ ದೀಪದ ಬ್ಯಾಟರಿಯೂ ಬಹಳ ಕಡೆ 12. ಕಂಪನಿ ಕೊಡುವ ಸರಿಯಾದ ಡಿ.ಸಿ. ವೈರು ಇದ್ದರೆ 12ರ ಯಂತ್ರ ನೇರವಾಗಿ ಆ ಬ್ಯಾಟರಿಗೆ ಕೂಡುತ್ತದೆ. 24ರ ಯಂತ್ರಕ್ಕೆ ನಡುವೆ 12ನ್ನು 24 ಮಾಡುವ ಕನ್ವರ್ಟರು ಬೇಕು. ಅದು ಬೇರೆ ಖರ್ಚು, ಬೇರೆ ಹುಡುಕಾಟ.

ನನ್ನದು 24. ಮಡಕಶಿರಾ ಕಡೆ ಹಳ್ಳಿಯಲ್ಲಿರುವ ನನ್ನ ಷಡ್ಡಕನದು 12. ಇಬ್ಬರೂ ಪೆಟ್ಟು ತಿಂದಿದ್ದೇವೆ, ಬೇರೆ ಬೇರೆ ರೀತಿಯಲ್ಲಿ.

ನ್ಯೂಟ್ರಲ್ ಕಡಿದ ರಾತ್ರಿ

ಮೊದಲು ನನ್ನದು. ನಮ್ಮ ಕಡೆ ವೋಲ್ಟೇಜು ಹೇಗೆಂದು ನಿಮಗೆ ಹೇಳಬೇಕಿಲ್ಲ. 230ಕ್ಕೆ ಆರು ಪರ್ಸೆಂಟು ಆಚೆ ಈಚೆ, ಅಂದರೆ 216ರಿಂದ 244ರೊಳಗೆ ಇರಬೇಕು ಎಂದು 1956ರ ವಿದ್ಯುತ್ ನಿಯಮಗಳಲ್ಲೇ ಬರೆದಿತ್ತು. ನಮ್ಮ ಮನೆಯಲ್ಲಿ ಮೀಟರು ಹಿಡಿದು ನೋಡಿದರೆ ಸಂಜೆ ಒಂದು ಹೊತ್ತಿನಲ್ಲಿ 185, ಊರೆಲ್ಲ ಮಲಗಿದ ಮೇಲೆ 250. ಎರಡು ಫೇಸು ಮಾತ್ರ ಇರುವ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಮೂರು ಫೇಸಿನ ಮೋಟರು ಎಬ್ಬಿಸುವ ನಮ್ಮವರ ಜಾಣತನವೂ ಇದಕ್ಕೆ ಸ್ವಲ್ಪ ತುಪ್ಪ ಸುರಿಯುತ್ತದೆ. ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುತ್ತವೆ. ಮಡಕಶಿರಾದ ನೆರೆ ತಾಲ್ಲೂಕು ಪಾವಗಡದ ತಿರುಮಣಿಯಲ್ಲಿ 2050 ಮೆಗಾವ್ಯಾಟಿನ ಸೌರ ಪಾರ್ಕು ಇದೆ. ಕರೆಂಟು ಬೆಳೆಯುವ ಸೀಮೆಯಲ್ಲಿ ಕೂತು ಕರೆಂಟಿಗೆ ಕಾಯುವುದು ನಮ್ಮ ಹಣೆಬರಹ.

ಆದರೂ ಕಡಿಮೆ ವೋಲ್ಟೇಜಿಗೆ ಈ ಯಂತ್ರ ಹೆದರುವುದಿಲ್ಲ. ಅಡಾಪ್ಟರಿನ ಮೇಲೆ 100ರಿಂದ 240 ಎಂದು ಬರೆದಿರುತ್ತದೆ. 150ಕ್ಕೆ ಇಳಿದರೂ ಒಳಗೆ 24 ಅಂದರೆ 24, 12 ಅಂದರೆ 12. ಇದಕ್ಕೆಂದು ಸ್ಟೆಬಿಲೈಸರ್ ಮಾರಲು ಬಂದವರಿಗೆ ಕೈ ಮುಗಿದು ಕಳಿಸಿ. ಭಯ ಇರುವುದು ಮೇಲಿನ ತುದಿಯಲ್ಲಿ.

ಟಿಸಿಯಿಂದ ಬರುವ ಮೂರು ಫೇಸಿಗೂ ನ್ಯೂಟ್ರಲ್ ತಂತಿ ಒಂದೇ. ಅದು ಕಡಿದರೆ ಅಥವಾ ಸಡಿಲವಾದರೆ ಬೇರೆ ಬೇರೆ ಫೇಸಿನ ಮನೆಗಳು 400 ವೋಲ್ಟ್‌ಗೆ ಒಂದರ ಹಿಂದೆ ಒಂದು ಕೂಡಿಸಿದ ಹಾಗೆ ಆಗುತ್ತವೆ. ಆಗ ಹೆಚ್ಚು ಸಾಮಾನು ಓಡುವ ಮನೆಗೆ ಕಡಿಮೆ ವೋಲ್ಟು, ಕಡಿಮೆ ಓಡುವ ಮನೆಗೆ ಹೆಚ್ಚು ವೋಲ್ಟು. ಮಧ್ಯರಾತ್ರಿ ಒಂದು ಸಣ್ಣ ದೀಪ, ಈ ಗೊರಕೆ ಯಂತ್ರ, ಇಷ್ಟೇ ಓಡುತ್ತಿರುವ ಮನೆಗೆ ಏನಾಗಬೇಕೋ ಅದೇ ಆಯಿತು. ದೀಪ ಒಮ್ಮೆ ಹಗಲಿನಂತೆ ಬೆಳಗಿ ಠಪ್ಪೆಂದಿತು. ಅಡಾಪ್ಟರಿನಿಂದ ಸುಟ್ಟ ವಾಸನೆ. ಮುಸುಕಿನಲ್ಲಿ ಗಾಳಿ ನಿಂತು ನಾನು ಎದ್ದು ಕೂತೆ. ಇದಕ್ಕೆ ಹೆದರಬೇಕಿಲ್ಲ. ಮುಸುಕಿಗೆ ತೂತುಗಳಿವೆ, ಬಾಯಿ ಮೂಗು ಎರಡನ್ನೂ ಮುಚ್ಚುವ ಮುಸುಕಿಗೆ ಹೊರಗಾಳಿ ಬಿಡುವ ಕವಾಟ ಇರುತ್ತದೆ. ಕರೆಂಟು ಹೋದರೆ ಜೀವ ಹೋಗುವುದಿಲ್ಲ, ನಿದ್ದೆ ಹೋಗುತ್ತದೆ. ಆಕ್ಸಿಜನ್ ಯಂತ್ರ, ವೆಂಟಿಲೇಟರಿನ ಮೇಲೆ ಇರುವವರ ಮಾತು ಬೇರೆ, ಅವರಿಗೆ ಇದನ್ನು ಹೋಲಿಸಬಾರದು.

ಯಂತ್ರ ಉಳಿಯಿತು, ಅಡಾಪ್ಟರು ತಾನು ಸತ್ತು ಅದನ್ನು ಉಳಿಸಿತ್ತು. ಬೆಳಗ್ಗೆ ಬಳ್ಳಾರಿಗೆ ಹೋದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಜಿಲ್ಲೆ ಬದಲಾಯಿತು, ಕಾಲು ಮಾತ್ರ ಆಸ್ಪತ್ರೆಗೂ ಸಾಮಾನಿಗೂ ಇವತ್ತಿಗೂ ಬಳ್ಳಾರಿ ದಾರಿಯನ್ನೇ ಹಿಡಿಯುತ್ತವೆ. ಅಲ್ಲಿ ಅವತ್ತು 24 ವೋಲ್ಟಿನ ಆ ಅಡಾಪ್ಟರು ಸಿಗಲಿಲ್ಲ. ರಿಪೇರಿ ಅಂಗಡಿಯವನೊಬ್ಬ ಲ್ಯಾಪ್‌ಟಾಪ್ ಚಾರ್ಜರು ತೋರಿಸಿ, "ಪಿನ್ನು ಬದ್ಲಾಯಿಸಿ ಕೊಡ್ತೀನಿ, ಹತ್ತೊಂಬತ್ತು ವೋಲ್ಟು ಐತೆ, ಹತ್ತಿರತ್ತಿರ ಅಲ್ವಾ" ಅಂದ. ಇನ್ನೊಬ್ಬ ಅಲಂಕಾರದ ದೀಪಕ್ಕೆ ಹಾಕುವ 24ರ ಡಬ್ಬಿ ತಂದ. ವೋಲ್ಟು ಸರಿ, ಆಂಪಿಯರು ಅರ್ಧ, ಮೇಲೆ ಶಾಕ್ ತಡೆಯುವ ಭದ್ರತೆ ಎಂಥದ್ದೋ ಗೊತ್ತಿಲ್ಲ. ಮುಖಕ್ಕೆ ಕಟ್ಟಿಕೊಂಡು ಮಲಗುವ ಸಾಮಾನಿಗೆ ಹತ್ತಿರತ್ತಿರ ಅನ್ನುವ ವ್ಯವಹಾರ ಬೇಡ ಎಂದು ವಾಪಸು ಬಂದೆ.

ಬೆಂಗಳೂರಿನಿಂದ ಅಸಲಿ ಅಡಾಪ್ಟರು ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಹಳೆಯ ಗೊರಕೆ, ಹಳೆಯ ತಲೆನೋವು. ಅಂಗಡಿಯಲ್ಲಿ ಪ್ಯಾಂಟಿನ ಕಟ್ಟು ಎಣಿಸುವಾಗ ಎರಡು ಸಲ ತಪ್ಪಿದೆ. ಮೊಳಕಾಲ್ಮೂರಿನಿಂದ ಬೈಕಿನಲ್ಲಿ ಬರುವಾಗ ಒಂದು ಗಳಿಗೆ ಕಣ್ಣು ಮುಚ್ಚಿತ್ತು. ಎದುರಿಗೆ ಲಾರಿ ಇರಲಿಲ್ಲ, ಅಷ್ಟೇ. ಅಂದಿನಿಂದ ಮನೆಯ ಮೇನ್ ಬೋರ್ಡಿನಲ್ಲಿ ವೋಲ್ಟೇಜು ಮಿತಿ ಮೀರಿದರೆ ತಾನೇ ಕಡಿಯುವ ರಿಲೇ ಕೂರಿಸಿದ್ದೇನೆ. ಅರ್ಥಿಂಗ್ ಹೊಸದು ಮಾಡಿಸಿದ್ದೇನೆ. ಮುಂಗಾರು ಮುಂಚಿನ ಗುಡುಗು ಮಳೆಗೆ ಪ್ಲಗ್ಗು ಕಿತ್ತು ಬ್ಯಾಟರಿ ಮೇಲೆ ಮಲಗುತ್ತೇನೆ.

ಇನ್ವರ್ಟರು ಎಂಬ ಸುತ್ತು ದಾರಿ

ಬ್ಯಾಟರಿ ಅಂದ ತಕ್ಷಣ ಎಲ್ಲರೂ ಹೇಳುವುದು, "ಮನೇಲಿ ಇನ್ವರ್ಟರ್ ಐತಲ್ಲ, ಇನ್ನೇನು?" ಇದೆ. ಆದರೆ ಅದರ ದಾರಿ ನೋಡಿ. ಬ್ಯಾಟರಿಯ 12ನ್ನು ಇನ್ವರ್ಟರು 230ಕ್ಕೆ ಏರಿಸುತ್ತದೆ. ಪ್ಲಗ್ಗಿನಿಂದ ಅಡಾಪ್ಟರು ಅದನ್ನು ಮತ್ತೆ 24ಕ್ಕೆ, ಇಲ್ಲವೇ 12ಕ್ಕೇ ಇಳಿಸುತ್ತದೆ. ರಾಯದುರ್ಗದಿಂದ ಮೊಳಕಾಲ್ಮೂರಿಗೆ ಹೋಗಲು ಅನಂತಪುರ, ಬಳ್ಳಾರಿ ಸುತ್ತಿ ಬಂದ ಹಾಗೆ. ಪ್ರತಿ ಮೆಟ್ಟಿಲಿನಲ್ಲೂ ನೂರಕ್ಕೆ ಹತ್ತು ಹದಿನೈದು ಹೋಗುತ್ತದೆ. ಅದೂ ದೊಡ್ಡದಲ್ಲ. ದೊಡ್ಡದು ಯಾವುದೆಂದರೆ, ಏನೂ ಓಡದಿದ್ದರೂ ಇನ್ವರ್ಟರು ತನ್ನ ಹೊಟ್ಟೆಗೆ ತಾನು ತಿನ್ನುವ ಕರೆಂಟು. ಮನೆಯ ಸಾಧಾರಣ ಇನ್ವರ್ಟರಿಗೆ ಅದು ಇಪ್ಪತ್ತು ವ್ಯಾಟಿನಷ್ಟು ಇರಬಹುದು. ಯಂತ್ರ ಹತ್ತು ವ್ಯಾಟಿನದು, ಅದನ್ನು ಹೊರುವವನಿಗೆ ಇಪ್ಪತ್ತು. ಕೂಲಿಗಿಂತ ಮೇಸ್ತ್ರಿಯ ಊಟ ಹೆಚ್ಚು.

ಎಂಟು ಗಂಟೆಯ ರಾತ್ರಿಗೆ ಹಾಕಿ. ಬಿಸಿನೀರು ಬಂದ್ ಮಾಡಿ ಇನ್ವರ್ಟರಿನ ಮೇಲೆ ಓಡಿಸಿದರೆ ಗಂಟೆಗೆ 32 ವ್ಯಾಟ್, ರಾತ್ರಿಗೆ ಸುಮಾರು 256 ವ್ಯಾಟ್-ಅವರ್. ಅದೇ ಯಂತ್ರವನ್ನು ಡಿ.ಸಿ. ಕನ್ವರ್ಟರಿನ ಮೂಲಕ ನೇರ ಬ್ಯಾಟರಿಗೆ ಕೂಡಿಸಿದರೆ 11 ವ್ಯಾಟಿನಂತೆ ರಾತ್ರಿಗೆ 88. ಮೂರನೆಯ ಒಂದು ಭಾಗ ಸಾಲುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಇದು ಏಳು ಏಳೂವರೆ ಆಂಪಿಯರ್-ಅವರ್ ಮಾತ್ರ.

ಬಿಸಿನೀರು ಹಾಕಿಕೊಂಡರೆ ಕಥೆ ತಿರುಗುತ್ತದೆ. ಯಂತ್ರ ಈಗ 50 ವ್ಯಾಟ್ ಕೇಳುತ್ತದೆ ಅನ್ನಿ. ಇನ್ವರ್ಟರಿನಲ್ಲಿ 79ರಂತೆ ರಾತ್ರಿಗೆ 630, ಡಿ.ಸಿ.ಯಲ್ಲಿ 55ರಂತೆ 440. ಈಗ ಅಂತರ ಮೂರು ಪಟ್ಟಿಲ್ಲ, ಒಂದೂವರೆ ಪಟ್ಟು ಕೂಡ ಇಲ್ಲ. ಅಂದರೆ 12, 24, ಇನ್ವರ್ಟರು ಎಂಬ ಜಗಳಕ್ಕೆಲ್ಲ ಬೆಲೆ ಬರುವುದು ಬಿಸಿ ಆರಿಸಿದ ಮೇಲೆಯೇ. ಅಂಗಡಿಯಲ್ಲಿ ವೋಲ್ಟಿನ ಬಗ್ಗೆ ಗಂಟೆಗಟ್ಟಲೆ ವಾದಿಸಿ ಮನೆಗೆ ಬಂದು ಬಿಸಿ ತಟ್ಟೆಯನ್ನು ಐದಕ್ಕೆ ಇಟ್ಟು ಮಲಗುವವರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ.

ಈಗ ಕರೆಂಟಿಲ್ಲದ ರಾತ್ರಿ ಬಿಸಿ ಮಾತ್ರ ಆರಿಸಿ, ಡಬ್ಬಿಯಲ್ಲಿ ತಣ್ಣೀರು ಹಾಗೇ ಬಿಡುತ್ತೇನೆ. ನೀರಿನ ಮೇಲೆ ಹಾದು ಬರುವ ಗಾಳಿಗೆ ಅಷ್ಟಿಷ್ಟು ತೇವ ಸಿಗುತ್ತದೆ. ನಮ್ಮ ಬೇಸಿಗೆಯ ಬಿಸಿಗೆ ಅದೂ ಸಾಕು. ಡಿಸೆಂಬರಿನಲ್ಲಿ ಮೂಗು ಕಟ್ಟುತ್ತದೆ, ಒಪ್ಪಿದೆ. ಒಂದು ರಾತ್ರಿಯ ಕಟ್ಟಿದ ಮೂಗಿಗಿಂತ ಉಸಿರು ನಿಲ್ಲುವುದು ದೊಡ್ಡದು. ಊದುವ ಒತ್ತಡವನ್ನು ಮಾತ್ರ ಬ್ಯಾಟರಿ ಉಳಿಸಲೆಂದು ಇಳಿಸಬೇಡಿ. ಅದು ವೈದ್ಯರು ಬರೆದುಕೊಟ್ಟ ಡೋಸು, ಮಾತ್ರೆ ಮುರಿದು ತಿಂದ ಹಾಗೆ ಆಗುತ್ತದೆ.

ಇನ್ವರ್ಟರು ಒಂದೇ ಗತಿ ಎಂದಾದರೆ ಸೈನ್ ವೇವ್‌ನದೇ ಇರಲಿ. ಹಳೆಯ ಸ್ಕ್ವೇರ್ ವೇವ್ ಡಬ್ಬಿಗಳಿಗೆ ಯಂತ್ರದ ಕಂಪನಿಗಳು ಒಪ್ಪುವುದಿಲ್ಲ. ಫ್ಯಾನು ಗುಂಯ್‌ಗುಡುವ ಇನ್ವರ್ಟರಿಗೆ ಮೂಗನ್ನು ಒಪ್ಪಿಸಬಾರದು.

ಟ್ರ್ಯಾಕ್ಟರು ಎಬ್ಬಿಸದ ಬೆಳಗು

ಈಗ ಷಡ್ಡಕನ ಕಥೆ. ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಸುತ್ತ ತುಮಕೂರು ಜಿಲ್ಲೆಯ ಶಿರಾ, ಪಾವಗಡ, ಮಧುಗಿರಿ. ಅವನ ಊರಿನಲ್ಲಿ ಕರೆಂಟು ಹೋದರೆ ಲೈನ್‌ಮ್ಯಾನಿಗೆ ತೆಲುಗಿನಲ್ಲಿ ಫೋನು, ಬೈಗುಳ ಕನ್ನಡದಲ್ಲಿ. ಅವನ ಯಂತ್ರ 12ರದ್ದು. ನನ್ನ ಒಂಬತ್ತು ದಿನದ ಕಥೆ ಕೇಳಿ ನಕ್ಕಿದ್ದ. "ನಂದು ಟ್ರ್ಯಾಕ್ಟರ್ ಬ್ಯಾಟ್ರಿಗೇ ಹಾಕ್ಕೋತೀನಿ ಬಿಡು" ಎಂದು.

ಹಾಕಿಕೊಂಡ. ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿನಿಂದ ಕಿಟಕಿ ಮೂಲಕ ಐದು ಮೀಟರು ವೈರು ಎಳೆದ. ಮನೆಯಲ್ಲಿದ್ದ ದೀಪದ ವೈರು, ಒಂದು ಚದರ ಮಿಲಿಮೀಟರಿನದು. ಬಿಸಿನೀರೂ ಹಾಕಿಕೊಂಡ. ಹೋಗುವುದು ಐದು, ಬರುವುದು ಐದು, ಒಟ್ಟು ಹತ್ತು ಮೀಟರು ತಾಮ್ರ. ಅಂಥ ವೈರಿಗೆ ಸುಮಾರು 0.2 ಓಮ್ ತಡೆ. ನಾಲ್ಕು ಆಂಪಿಯರು ಹರಿದರೆ ದಾರಿಯಲ್ಲೇ 0.8 ವೋಲ್ಟು ಮಾಯ. 230ರಲ್ಲಿ ಮುಕ್ಕಾಲು ವೋಲ್ಟು ಯಾರ ಲೆಕ್ಕಕ್ಕೂ ಇಲ್ಲ, 12ರಲ್ಲಿ ಅದೇ ದೊಡ್ಡ ಗಂಟು. ತುಂಬಿದ ಬ್ಯಾಟರಿ 12.7 ತೋರಿಸುತ್ತದೆ, ಬೆಳಗಿನ ಜಾವಕ್ಕೆ 11.8ಕ್ಕೆ ಬಂದಿರುತ್ತದೆ. ಅದರಲ್ಲಿ ವೈರು ತಿಂದದ್ದು ಹೋಗಿ ಯಂತ್ರದ ಬಾಯಿಗೆ 11. ನಾಲ್ಕು ಗಂಟೆಗೆ ಯಂತ್ರ ಕೂಗಿ ನಿಂತಿತು. ನಾಲ್ಕು ಚದರ ಮಿಲಿಮೀಟರಿನ ವೈರಾಗಿದ್ದರೆ ನಷ್ಟ 0.2 ವೋಲ್ಟಿಗೆ ಇಳಿಯುತ್ತಿತ್ತು. 12ರ ಯಂತ್ರದವರು ವೈರಿನಲ್ಲಿ ಜಿಪುಣತನ ಮಾಡಬಾರದು.

ಅದಕ್ಕಿಂತ ದೊಡ್ಡ ನಷ್ಟ ಆರು ಗಂಟೆಗೆ. ಕಡಲೆಕಾಯಿ ಹೊಲ ಹಸನು ಮಾಡಲು ಬಾಡಿಗೆ ಒಪ್ಪಿಕೊಂಡಿದ್ದ, ಟ್ರ್ಯಾಕ್ಟರು ಕಟಕಟ ಅಂದಿತೇ ಹೊರತು ಎಬ್ಬಿಸಲಾಗಲಿಲ್ಲ. ಒಂದು ರಾತ್ರಿಗೆ ಮೂವತ್ತು ಆಂಪಿಯರ್-ಅವರಿನಷ್ಟು ಎಳೆದರೆ ಹಳೆಯ ಬ್ಯಾಟರಿ ಇನ್ನೇನು ಮಾಡೀತು? ವಾಹನದ ಬ್ಯಾಟರಿ ಒಂದು ಕ್ಷಣ ಜೋರಾಗಿ ಒದೆಯಲು ಮಾಡಿದ್ದು, ರಾತ್ರಿಯಿಡೀ ನಿಧಾನವಾಗಿ ಬಸಿಯಲು ಅಲ್ಲ. ನಾಲ್ಕು ಸಲ ಹೀಗೆ ಬಸಿದರೆ ಅದರ ಆಯಸ್ಸು ಮುಗಿಯಿತು. ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಈ ಕೆಲಸಕ್ಕೆ ತಕ್ಕದ್ದು, ಅದನ್ನೂ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು. ಆದರೆ ಆಸಿಡ್ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ವೈರು ಗಿಡ್ಡ ಆಗಲೆಂದು ಅದನ್ನು ಮಂಚದ ಕೆಳಗೆ ತಂದಿಟ್ಟುಕೊಳ್ಳುವ ಹಾಗಿಲ್ಲ. ಮಂಚದ ಪಕ್ಕಕ್ಕೆ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಸರಿ. 20 ಆಂಪಿಯರ್-ಅವರಿನದು ಒಂದು ಇದ್ದರೆ, ಬಿಸಿ ಆರಿಸಿಕೊಂಡು ಎರಡು ರಾತ್ರಿ ನಿಶ್ಚಿಂತೆ. ಯಾವ ಬ್ಯಾಟರಿಯಾದರೂ ಅದರ ಬುಡದಲ್ಲೇ ಒಂದು ಫ್ಯೂಸು ಹಾಕಿಸಿ. ಮಲಗಿದವನ ಪಕ್ಕದಲ್ಲಿ ಬೆಂಕಿ ಹತ್ತುವ ಸಾಮಾನು ಇಡುವಾಗ ಐದು ರೂಪಾಯಿಯ ಲೆಕ್ಕ ನೋಡಬಾರದು.

ಲಾರಿಯವರಿಗೆ ಒಂದು ಮಾತು. ಕ್ಯಾಬಿನ್ನಿನಲ್ಲಿ ಮಲಗುವವರಲ್ಲಿ ಈ ಕಾಯಿಲೆ ಇದ್ದವರು ತಮ್ಮೊಬ್ಬರ ಜೀವವನ್ನಷ್ಟೇ ಹೊತ್ತಿರುವುದಿಲ್ಲ. ಭಾರಿ ಲಾರಿಗಳಲ್ಲಿ ಬಹಳಷ್ಟು 24 ವೋಲ್ಟಿನವು. "ಯಂತ್ರ ಇಪ್ಪತ್ನಾಲ್ಕು, ಲಾರಿ ಇಪ್ಪತ್ನಾಲ್ಕು, ನೇರ ಕೊಡು" ಎಂದು ಅನ್ನಿಸುವುದು ಸಹಜ. ಆದರೆ ಎಂಜಿನ್ ಓಡುವಾಗ ಅಲ್ಲಿ 28ರ ತನಕ ಇರುತ್ತದೆ, ಸ್ಟಾರ್ಟು ಹೊಡೆದಾಗ ಒಮ್ಮೆಲೇ ಬೀಳುತ್ತದೆ. ನಡುವೆ ಕನ್ವರ್ಟರು ಇರಲೇಬೇಕು. ಏರ್‌ಸೆನ್ಸ್ 10ಕ್ಕೆ ಕಂಪನಿಯೇ ಮಾಡಿದ ಕನ್ವರ್ಟರು 12ನ್ನೂ ತೆಗೆದುಕೊಳ್ಳುತ್ತದೆ, 24ನ್ನೂ ತೆಗೆದುಕೊಳ್ಳುತ್ತದೆ, ಹೊರಗೆ ಕೊಡುವುದು ಮಾತ್ರ ಅಳತೆಯ 24. 12ರ ಯಂತ್ರವನ್ನು ಲಾರಿಯ 24ಕ್ಕೆ ಸಿಕ್ಕಿಸಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಅಮೆರಿಕದಿಂದ ಬಂದ ಹಳೆಯ ಯಂತ್ರ

ನಮ್ಮ ಊರುಗಳಿಂದ ಹೋಗಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಮಾಡುವ ಮಕ್ಕಳು ಈಚೆಗೆ ಸೂಟ್‌ಕೇಸಿನಲ್ಲಿ ಬಳಸಿದ ಯಂತ್ರಗಳನ್ನು ತರುತ್ತಿದ್ದಾರೆ. ಅಪ್ಪನಿಗೆ ಉಡುಗೊರೆ. ಅಲ್ಲಿ 120 ವೋಲ್ಟು, ಇಲ್ಲಿ 230. ಅಡಾಪ್ಟರಿನ ಮೇಲೆ 100-240 ಎಂದಿದ್ದರೆ ಪಿನ್ನು ಬದಲಾಯಿಸಿದರೆ ಸಾಕು. ಬರೇ 110 ಅಥವಾ 120 ಎಂದಿದ್ದರೆ, ಹಳೆಯ ಕೆಲವು ಯಂತ್ರಗಳಲ್ಲಿ ಹಾಗಿರುತ್ತದೆ, ಇಲ್ಲಿನ ಪ್ಲಗ್ಗಿಗೆ ಹಾಕಿದ ಕ್ಷಣವೇ ಹೊಗೆ. ಕನ್ನಡಕ ಹಾಕಿಕೊಂಡು ಆ ಸಣ್ಣ ಅಕ್ಷರ ಓದಿ.

ಇನ್ನೊಂದು ಅದಕ್ಕಿಂತ ಮುಖ್ಯ. ಬ್ಯಾಟರಿಗೆ ಅನುಕೂಲ ಎಂದು ನಮ್ಮವರು ಹುಡುಕುವ 12 ವೋಲ್ಟಿನ ಹಳೆಯ ಫಿಲಿಪ್ಸ್ ಯಂತ್ರಗಳಲ್ಲಿ ಬಹಳಷ್ಟನ್ನು ಕಂಪನಿ 2021ರ ಜೂನ್‌ನಲ್ಲಿ ವಾಪಸು ಕರೆದಿತ್ತು. ಒಳಗೆ ಸದ್ದು ತಡೆಯಲು ಇಟ್ಟ ಸ್ಪಂಜು ಪುಡಿಯಾಗಿ ಗಾಳಿಯ ಜೊತೆ ಉಸಿರಿಗೆ ಸೇರಬಹುದು ಎಂಬ ಕಾರಣಕ್ಕೆ. ಮೊದಲ ಡ್ರೀಮ್‌ಸ್ಟೇಷನ್ ಕೂಡ ಆ ಪಟ್ಟಿಯಲ್ಲಿದೆ. ರಿಪೇರಿಯಾಗಿದೆಯೋ ಇಲ್ಲವೋ ಯಂತ್ರದ ತಳದ ಸೀರಿಯಲ್ ನಂಬರಿನಿಂದ ತಿಳಿದುಕೊಳ್ಳದೆ ಮೂಗಿಗೆ ಕಟ್ಟಬೇಡಿ. ಅಗ್ಗದ 12 ಕೆಲವು ಸಲ ಅಗ್ಗವಲ್ಲ.

ಯಾವುದು ತಗೊಳ್ಳಲಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಪೇಟೆಯಲ್ಲಿ ಮನೆ, ಕರೆಂಟು ಗಂಟೆ ಎರಡು ಗಂಟೆ ಹೋಗುತ್ತದೆ ಎನ್ನುವವರು ವೋಲ್ಟಿನ ಚಿಂತೆ ಬಿಟ್ಟು ರಿಪೇರಿ ಎಲ್ಲಿ ಸಿಗುತ್ತದೆ ಎಂದು ನೋಡಿ. ಹೊಲದ ಮನೆಯವರು, ರಾತ್ರಿಯಿಡೀ ಕರೆಂಟು ನಂಬಲಾಗದವರು ಕೊಳ್ಳುವ ದಿನವೇ ಡಿ.ಸಿ. ವೈರು ಅಥವಾ ಕನ್ವರ್ಟರು ಇದೇ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿ, ಯಂತ್ರದ ಜೊತೆಗೇ ಬಿಲ್ಲು ಮಾಡಿಸಿ. ಆಮೇಲೆ ತರಿಸಿಕೊಡ್ತೀವಿ ಎಂಬ ಮಾತಿಗೆ ಒಂಬತ್ತು ರಾತ್ರಿಯ ಬೆಲೆ ಇದೆ.

ಹೋದ ತಿಂಗಳು ಮಡಕಶಿರಾಕ್ಕೆ ಜಾತ್ರೆಗೆ ಹೋಗಿದ್ದೆ. ಚೀಲದಲ್ಲಿ ಯಂತ್ರ, ಕನ್ವರ್ಟರು, ಚೋಟುದ್ದದ ಲಿಥಿಯಂ ಬ್ಯಾಟರಿ, ಎರಡನೇ ಅಡಾಪ್ಟರು. ಬಸ್ಸಿನಲ್ಲಿ ಕಂಡಕ್ಟರು "ಏಮ್ ಸಾರ್, ಮಿಕ್ಸಿಯಾ?" ಅಂದ. ಹೌದು ಅಂದೆ. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಷಡ್ಡಕನೂ ಈಗ ಟ್ರ್ಯಾಕ್ಟರಿಗೆ ಕೈ ಹಚ್ಚುವುದಿಲ್ಲ, ಅವನ ಮಂಚದ ಪಕ್ಕದಲ್ಲೂ ಒಂದು ಸಣ್ಣ ಡಬ್ಬಿ ಕೂತಿದೆ. ಪಡಸಾಲೆಯ ಆ ಕಡೆ 12, ಈ ಕಡೆ 24, ನಡುವೆ ಅವನ ಮಗ ಮಾತ್ರ ಯಂತ್ರವಿಲ್ಲದೆ ಗೊರಕೆ ಹೊಡೆಯುತ್ತಿದ್ದ. ನಡುವೆ ನಡುವೆ ಸದ್ದು ನಿಲ್ಲುತ್ತಿತ್ತು. ಬೆಳಗ್ಗೆ ಅವನಿಗೆ ಬೆಂಗಳೂರಿನ ನಿದ್ರಾ ಪರೀಕ್ಷೆಯ ವಿಳಾಸ ಬರೆದುಕೊಟ್ಟು ಬಸ್ಸು ಹತ್ತಿದೆ.